ಮೊದಲು ವೈಸು, ಮಿಕ್ಕಿದ್ದೆಲ್ಲ ಆಮೇಲೆ

ಮನೆಯಲ್ಲೇ ಕಬ್ಬಿಣದ ಕೆಲಸಕ್ಕೆ ಒಂದು ಸಣ್ಣ ವರ್ಕ್‌ಶಾಪ್ ಮಾಡಿಕೊಳ್ಳಬೇಕು ಅನ್ನುವವರು ನನ್ನ ಹತ್ತಿರ ಬಂದರೆ ಕೇಳುವುದು ಒಂದೇ ಪ್ರಶ್ನೆ. "ಮೊದಲು ಯಾವ ಮಷಿನ್ ತಗೊಳ್ಳಲಿ ಸಾರ್?" ಕೆಲವರು ಆಗಲೇ ಗ್ರೈಂಡರ್ ತಂದಿಟ್ಟುಕೊಂಡಿರುತ್ತಾರೆ. ಕೆಲವರು ಫೋನಿನಲ್ಲಿ ಪುಟಾಣಿ ಲೇತಿನ (ಕಬ್ಬಿಣದ ತುಂಡನ್ನು ತಿರುಗಿಸುತ್ತ ಕೊಯ್ಯುವ ಮಷಿನ್) ಫೋಟೊ ತೋರಿಸುತ್ತಾರೆ. ನಾನು ತಿರುಗಿ ಕೇಳುತ್ತೇನೆ, "ವೈಸ್ ಇದೆಯಾ?" ಅಷ್ಟಕ್ಕೇ ಮುಖ ಸಪ್ಪಗಾಗುತ್ತದೆ. ತಪ್ಪೇನಿಲ್ಲ ಬಿಡಿ. ವೈಸ್ ಅಂದರೆ ಕೆಲಸದ ತುಂಡನ್ನು ಎರಡು ದವಡೆಯ ನಡುವೆ ಬಿಗಿಯಾಗಿ ಹಿಡಿಯುವ ಸಾಮಾನು, ಅಷ್ಟೇ. ಅದು ತಿರುಗುವುದಿಲ್ಲ, ಕಿಡಿ ಹಾರಿಸುವುದಿಲ್ಲ, ಅದನ್ನು ನೋಡೋಕೆ ಪಕ್ಕದ ಮನೆ ಹುಡುಗರು ಕಾಂಪೌಂಡ್ ಹತ್ತುವುದಿಲ್ಲ.

ಆದರೂ ನನ್ನ ಲೆಕ್ಕದಲ್ಲಿ ಕಬ್ಬಿಣದ ಕೆಲಸ ಅಂದರೆ ಮುಕ್ಕಾಲು ಪಾಲು ಹಿಡಿಯುವ ಕೆಲಸ. ಕೊಯ್ಯುವುದು, ಕೊರೆಯುವುದು, ಉಜ್ಜುವುದು ಉಳಿದ ಕಾಲು ಪಾಲು. ತುಂಡು ಅಲುಗಾಡುತ್ತಿದ್ದರೆ ಎಂಥ ಅರ (ಉಜ್ಜುವ ಫೈಲ್) ಹಿಡಿದರೂ ಅಂಚು ದುಂಡಗಾಗುತ್ತದೆ. ಡ್ರಿಲ್ಲು ಗುರುತು ಬಿಟ್ಟು ಅಲೆಯುತ್ತದೆ. ಹ್ಯಾಕ್ಸಾ ಗರಗಸದ ಬ್ಲೇಡು ಲಟಕ್ಕನೆ ಮುರಿಯುತ್ತದೆ, ಬೈಗುಳ ಮಾತ್ರ ಬ್ಲೇಡ್ ಕಂಪನಿಗೆ. ಅಂಗಡಿಯಲ್ಲಿ ಮುಂದೆ ಜೋಡಿಸಿಟ್ಟಿರುವುದು ಕೊಯ್ಯುವ ಸಾಮಾನೇ, ಯಾಕೆಂದರೆ ಅದು ಸವೆಯುತ್ತದೆ, ನೀವು ಮತ್ತೆ ಬರುತ್ತೀರಿ. ಒಳ್ಳೆ ವೈಸ್ ಒಂದು ಸಲ ಕೊಂಡವನು ಇನ್ನೊಂದಕ್ಕೆ ಅಂತ ಆ ಮೆಟ್ಟಿಲು ಹತ್ತುವುದಿಲ್ಲ.

ನಾನು ಕೂತು ಲೆಕ್ಕ ಬರೆಯುವ ಕೆಲಸದವನು. ಕುವೆಂಪುನಗರದ ಮನೆಯಲ್ಲಿ ಕಾರಿಗೆ ಅಂತ ಕಟ್ಟಿಸಿದ ಶೆಡ್ಡು ಈಗ ಕಬ್ಬಿಣದ ಪಾಲಾಗಿದೆ, ಕಾರು ಬೀದಿ ಪಾಲಾಗಿದೆ. ಈ ಹುಚ್ಚಿಗೆ ಮೈಸೂರು ಒಳ್ಳೆಯ ಊರು. ಅರಮನೆ, ಮೈಸೂರ್‌ಪಾಕು ಅಂತ ಹೊರಗಿನವರು ಹೇಳಿಕೊಳ್ಳಲಿ. ಇಲ್ಲಿ ಕಬ್ಬಿಣ ಬಲ್ಲವರು ಬೀದಿಗೊಬ್ಬರು ಇದ್ದಾರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಶುರುವಿನಿಂದ 1996ರವರೆಗೆ ಬೈಕು ಮಾಡಿತು, ಮೊದಲು ಜಾವಾ, 1973ರಿಂದ ಯೆಜ್ಡಿ. ಅಶೋಕಪುರಂನಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ. ಬೆಮೆಲ್ ಕಾರ್ಖಾನೆ ಇದೆ. ಹೆಬ್ಬಾಳ, ಮೇಟಗಳ್ಳಿ ಕಡೆ ಹೋದರೆ ಹೊರಗಿನವರ ಕೆಲಸ ಕೂಲಿಗೆ ಮಾಡಿಕೊಡುವ ಜಾಬ್ ವರ್ಕ್ ಶೆಡ್ಡುಗಳಿಗೆ ಲೆಕ್ಕವಿಲ್ಲ. ಅಲ್ಲೆಲ್ಲ ದುಡಿದು ರಿಟೈರ್ ಆದವರು ಬೆಳಿಗ್ಗೆ ಪಾರ್ಕಿನಲ್ಲಿ ಸಿಗುತ್ತಾರೆ. ಅವರಲ್ಲೊಬ್ಬರು, ಜಾವಾದಲ್ಲಿ ಟರ್ನರ್ (ಲೇತ್ ಕೆಲಸದವರು) ಆಗಿದ್ದವರು, ನನಗೆ ಗುರು. ನಾನು ಅವರನ್ನು ಮೇಷ್ಟ್ರೇ ಅನ್ನುತ್ತೇನೆ. ಅವರು ನನ್ನನ್ನು "ಏನ್ರೀ ಇಂಜಿನಿಯರ್ರೇ" ಅಂತ ಗೇಲಿ ಮಾಡುತ್ತಾರೆ.

ವೈಸ್ ಕೊಳ್ಳುವಾಗ ಬಣ್ಣ ನೋಡಬೇಡಿ ಅನ್ನುವುದು ಮೇಷ್ಟ್ರು ಹೇಳಿಕೊಟ್ಟ ಮೊದಲ ಪಾಠ. ಅಂಗಡಿಯಲ್ಲೇ ಬಾಯಿಯನ್ನು ಅರ್ಧ ತೆರೆದು, ಮುಂದಿನ ದವಡೆಯನ್ನು ಹಿಡಿದು ಅಲುಗಿಸಿ ನೋಡಬೇಕು. ಗಡಗಡ ಅಂದರೆ ಅಲ್ಲೇ ಬಿಟ್ಟು ಬರಬೇಕು. ಆಮೇಲೆ ಕಾಗದದ ಎರಡು ಪಟ್ಟಿ ಹರಿದು, ದವಡೆಯ ಎಡ ತುದಿಗೊಂದು ಬಲ ತುದಿಗೊಂದು ಇಟ್ಟು ಮೆಲ್ಲಗೆ ಬಿಗಿ ಮಾಡಿ. ಎರಡೂ ಪಟ್ಟಿ ಒಟ್ಟಿಗೆ ಹಿಡಿದುಕೊಳ್ಳಬೇಕು. ಒಂದು ಗಟ್ಟಿಯಾಗಿ ಕೂತು ಇನ್ನೊಂದು ಎಳೆದರೆ ಬಂದುಬಿಟ್ಟರೆ, ಆ ವೈಸಿನ ದವಡೆ ಸೊಟ್ಟ. ಅಂಗಡಿಯವನು ಕಾಗದ ನೋಡಿ ನಗಬಹುದು. ನಗಲಿ. ಮನೆ ಕೆಲಸಕ್ಕೆ ದವಡೆಯ ಅಗಲ 5 ಇಂಚು ಸಾಕು, 6 ಇಂಚಾದರೆ ಇನ್ನೂ ಚೆನ್ನ.

ಒಳ್ಳೆ ವೈಸನ್ನು ಲಟಪಟ ಟೇಬಲ್ ಮೇಲೆ ಕೂರಿಸಿದರೆ ದುಡ್ಡು ದಂಡ. ನನ್ನ ಬೆಂಚಿನ ಹಲಗೆ ಯಾವುದೋ ಹಳೆ ಮನೆ ಕೆಡವಿದಾಗ ಸಿಕ್ಕ ಮತ್ತಿ ಮರದ ಬಾಗಿಲುವಾಡ. ಬಡಗಿ ಹತ್ತಿರ ಹದ ಮಾಡಿಸಿ, ಎಲ್ ಆಕಾರದ ಕಬ್ಬಿಣದ ಆಂಗಲ್ ಕಾಲು ಕೊಟ್ಟು, ಹಿಂಬದಿಯನ್ನು ಗೋಡೆಗೆ ಆಂಕರ್ ಬೋಲ್ಟ್ ಹಾಕಿ ಕಟ್ಟಿದ್ದೇನೆ. ಎತ್ತರಕ್ಕೆ ಒಂದು ಹಳೆ ಲೆಕ್ಕ ಇದೆ: ನೆಟ್ಟಗೆ ನಿಂತು ಮೊಣಕೈ ಮಡಚಿದರೆ ದವಡೆಯ ಮೇಲಂಚು ಮೊಣಕೈ ಮಟ್ಟಕ್ಕೆ ಬರಬೇಕು. ಅಡುಗೆಮನೆ ಕಟ್ಟೆ ಎತ್ತರಕ್ಕೆ ಬೆಂಚು ಮಾಡಿಸಿದವರು ಅರ್ಧ ಗಂಟೆ ಅರ ಹಾಕಿ ಸೊಂಟ ಹಿಡಿದುಕೊಳ್ಳುತ್ತಾರೆ. ದವಡೆಯ ಹಲ್ಲಿನ ಗುರುತು ಕೆಲಸದ ಮೇಲೆ ಬೀಳದಿರಲಿ ಅಂತ ಅಲ್ಯೂಮಿನಿಯಂ ಆಂಗಲ್ಲಿನ ಎರಡು ತುಂಡು ಮೇಲೆ ಹೊದಿಸಿದರೆ ಆಯಿತು.

ಅರದ ವಿಷಯಕ್ಕೆ ಬರೋಣ. ಮೇಷ್ಟ್ರು ನನಗೆ ಮುಕ್ಕಾಲು ಇಂಚಿನ ಚೌಕ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ತುಂಡೊಂದು ಕೊಟ್ಟು, "ಒಂದು ಮುಖ ಚಪ್ಪಟೆ ಮಾಡಿ ತಗೊಂಬನ್ನಿ" ಅಂದರು. ಅಷ್ಟೇ. ಚಪ್ಪಟೆ ಮಾಡೋದು ಅಂದರೆ ಏನು ಮಹಾ ಅನ್ನಿಸುತ್ತೆ ಅಲ್ವಾ? ಮೂಲೆಮಟ್ಟದ ಅಂಚನ್ನು ಆ ಮುಖದ ಮೇಲೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ತಿಳಿಯುತ್ತದೆ. ನೂರನೇ ಒಂದು ಮಿಲಿಮೀಟರ್ ಸಂದು ಇದ್ದರೂ ಬೆಳಕಿನ ಗೆರೆ ಕಾಣುತ್ತದೆ. ಅರ ತಳ್ಳುವಾಗ ಶುರುವಿನಲ್ಲಿ ಎಡಗೈ ಭಾರ ಜಾಸ್ತಿ, ಕೊನೆಯಲ್ಲಿ ಬಲಗೈ ಭಾರ ಜಾಸ್ತಿ. ನಡುವೆ ಎರಡೂ ಸಮ. ಈ ಭಾರ ಬದಲಾಗುವುದು ಕೈಗೆ ಬರುವ ತನಕ ಮುಖದ ನಡುಭಾಗ ಉಬ್ಬೇ ಇರುತ್ತದೆ. ಪುಸ್ತಕ ಓದಿ ಬರುವ ವಿದ್ಯೆಯಲ್ಲ ಇದು. ತುಂಡು ಮಿಸುಕದೆ ಕೂತಿದ್ದರೆ ಮಾತ್ರ ಕೈಗೆ ತಾನು ಮಾಡುತ್ತಿರುವುದು ಏನು ಅಂತ ಗೊತ್ತಾಗುತ್ತದೆ.

ಅರ ಬಾಳಿಕೆ ಬರಬೇಕಾದರೆ ಒಂದರ ಮೇಲೊಂದು ಡ್ರಾಯರಿಗೆ ಎಸೆಯಬಾರದು. ಹಲ್ಲಿಗೆ ಹಲ್ಲು ತಾಗಿದರೆ ಎರಡೂ ಮೊಂಡು. ನಾನು ಗೋಡೆಗೆ ಮೊಳೆ ಹೊಡೆದು ಒಂದೊಂದನ್ನೇ ನೇತುಹಾಕಿದ್ದೇನೆ. ಕೆಲಸಕ್ಕೆ ಮುಂಚೆ ಬಳಪ ತಿಕ್ಕಿದರೆ ಕಬ್ಬಿಣದ ಚೂರು ಹಲ್ಲಿನ ಸಂದಿಗೆ ಕಚ್ಚಿಕೊಳ್ಳುವುದಿಲ್ಲ. ಹೊಸ ಅರವನ್ನು ಮೊದಲು ಹಿತ್ತಾಳೆಗೆ ಬಳಸಿ, ಹರಿತ ಸ್ವಲ್ಪ ತಗ್ಗಿದ ಮೇಲೆ ಕಬ್ಬಿಣಕ್ಕೆ ಇಳಿಸುವುದು ಹಳಬರ ಪದ್ಧತಿ. ಹ್ಯಾಕ್ಸಾಗೂ ಇಂಥದ್ದೇ ಒಂದು ಲೆಕ್ಕ: ಯಾವಾಗಲೂ ಕನಿಷ್ಠ 3 ಹಲ್ಲು ಕಬ್ಬಿಣದ ಮೇಲಿರಬೇಕು. ದಪ್ಪ ಸರಳಿಗೆ ಇಂಚಿಗೆ 18 ಹಲ್ಲು, ಆಂಗಲ್ಲು ಪೈಪಿಗೆ 24, ತೆಳು ತಗಡಿಗೆ 32.

ಡ್ರಿಲ್ಲಿಂಗ್ ಮಷಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 13 ಮಿ.ಮೀ.ವರೆಗಿನ ಬಿಟ್ ಹಿಡಿಯುವ ಕಂಬದ ಡ್ರಿಲ್ಲು (ಪಿಲ್ಲರ್ ಡ್ರಿಲ್) ಮನೆಗೆ ಸಾಕು. ವೇಗದ ಲೆಕ್ಕ ಗೋಡೆ ಮೇಲೆ ಬರೆದುಕೊಳ್ಳಿ: ಹೆಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ಟಿನಲ್ಲಿ, ಅಂದರೆ ಕೊರೆಯುವ ಮುಳ್ಳಿನಲ್ಲಿ, ಎಂ.ಎಸ್. ಕೊರೆಯಲು 10 ಮಿ.ಮೀ. ತೂತಿಗೆ ನಿಮಿಷಕ್ಕೆ ಸುಮಾರು 800 ಸುತ್ತು, 5 ಮಿ.ಮೀ.ಗೆ 1600. ಜನ ಬೆಲ್ಟ್ ಬದಲಿಸಲು ಸೋಮಾರಿತನ ಮಾಡಿ ಎಲ್ಲಕ್ಕೂ ಒಂದೇ ವೇಗ ಇಟ್ಟುಕೊಳ್ಳುತ್ತಾರೆ, ಡ್ರಿಲ್ ಬಿಟ್ ಕಾದು ನೀಲಿ ತಿರುಗಿದರೆ ಬಿಟ್ಟಿಗೆ ಬೈಯುತ್ತಾರೆ. ಅಪಾಯ ಇರುವುದು ತೂತು ಆಚೆ ಬೀಳುವ ಕ್ಷಣದಲ್ಲಿ. ತೆಳು ತಗಡನ್ನು ಕೈಯಲ್ಲಿ ಹಿಡಿದಿದ್ದರೆ ಡ್ರಿಲ್ ಬಿಟ್ ಅದನ್ನು ಕಚ್ಚಿಕೊಂಡು ಫ್ಯಾನಿನ ರೆಕ್ಕೆಯ ಹಾಗೆ ತಿರುಗಿಸಿಬಿಡುತ್ತದೆ. ಮಷಿನ್ ವೈಸ್ ಹಾಕಿ, ಅದನ್ನೂ ಟೇಬಲ್ಲಿಗೆ ಬೋಲ್ಟ್ ಮಾಡಿ. ತಿರುಗುವ ಯಾವ ಮಷಿನ್ ಹತ್ತಿರವೂ ಕೈಗವಸು ಬೇಡ, ಉದ್ದ ತೋಳು ಬೇಡ, ಹೆಗಲ ಮೇಲೆ ಟವೆಲ್ ಬೇಡ. ನಮ್ಮೂರಲ್ಲಿ ಆ ಟವೆಲ್ ಒಂದನ್ನು ಬಿಡಿಸೋದು ಭಾರಿ ಕಷ್ಟ.

ಕರೆಂಟಿನ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಷಿನ್ ಓಡುವಾಗ ಕರೆಂಟ್ ಹೋಗುತ್ತದೆ. ನೀವು ಬೇಸರದಿಂದ ಒಳಗೆ ಹೋಗಿ ಕಾಫಿ ಕುಡಿಯುತ್ತೀರಿ. ಸಾದಾ ಸ್ವಿಚ್ ಇದ್ದರೆ ಅದು ಆನ್ ಆಗಿಯೇ ಇರುತ್ತದೆ. ಕರೆಂಟ್ ಬಂದಾಗ ಶೆಡ್ಡಿನಲ್ಲಿ ಯಾರಿದ್ದಾರೆ ಅಂತ ನೋಡದೆ ಮಷಿನ್ ತಾನೇ ಓಡಲು ಶುರು ಮಾಡುತ್ತದೆ. ಡಿಒಎಲ್ ಸ್ಟಾರ್ಟರ್ (ಮೋಟರನ್ನು ಆನ್ ಆಫ್ ಮಾಡುವ ಗುಂಡಿ ಪೆಟ್ಟಿಗೆ) ಹಾಕಿಸಿದರೆ ಕರೆಂಟ್ ಹೋದ ಕೂಡಲೇ ಒಳಗಿನ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಗುಂಡಿ ಒತ್ತದೆ ಓಡುವುದಿಲ್ಲ. ಜೊತೆಗೆ ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಇದಕ್ಕೆ ಜುಗ್ಗತನ ಮಾಡಬೇಡಿ.

ಇನ್ನು ಲೇತು. ನನ್ನದು 4½ ಅಡಿಯದ್ದು, ಮೇಟಗಳ್ಳಿ ಕಡೆ ಮುಚ್ಚುತ್ತಿದ್ದ ಒಂದು ಶೆಡ್ಡಿನಿಂದ ಬಂದದ್ದು. ಹಳೆ ಲೇತುಗಳಲ್ಲಿ ಪಂಜಾಬಿನ ಬಟಾಲಾದ್ದು, ಗುಜರಾತಿನ ರಾಜಕೋಟದ್ದು ಬಹಳ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾದದ್ದು 1941ರಲ್ಲಿ, ಅಲ್ಲಿನ ಲೇತು ಸಿಕ್ಕಿದರೆ ಹಳಬರ ಕಣ್ಣು ಈಗಲೂ ಅರಳುತ್ತದೆ. ಆದರೆ ಹೆಸರು ನೋಡಿ ಕೊಳ್ಳುವ ಸಾಮಾನಲ್ಲ ಇದು. ಲೇತಿನ ಬೆಡ್ (ಉದ್ದನೆ ಹಳಿಯಂಥ ತಳ) ಸವೆಯುವುದು ಚಕ್ಕಿನ (ತುಂಡನ್ನು ಹಿಡಿದು ತಿರುಗಿಸುವ ಬಾಯಿ) ಹತ್ತಿರ, ಯಾಕೆಂದರೆ ಹೆಚ್ಚಿನ ಕೆಲಸ ನಡೆಯುವುದು ಅಲ್ಲೇ. ಟೇಲ್‌ಸ್ಟಾಕ್ ತುದಿ, ಅಂದರೆ ಉದ್ದನೆ ಸರಳಿಗೆ ಆಸರೆ ಕೊಡುವ ಕಡೆ, ಹೊಸದಾಗಿಯೇ ಉಳಿದಿರುತ್ತದೆ. ಕೊಯ್ಯುವ ಟೂಲನ್ನು ಹೊತ್ತು ಓಡಾಡುವ ಕ್ಯಾರೇಜನ್ನು ಚಕ್ಕಿನ ಬಳಿ ನಿಲ್ಲಿಸಿ, ಲಾಕನ್ನು ಸ್ವಲ್ಪ ಬಿಗಿ ಬರುವಷ್ಟು ತಿರುಗಿಸಿ, ಹಾಗೇ ಕೈಯಿಂದ ಟೇಲ್‌ಸ್ಟಾಕ್ ಕಡೆಗೆ ತಿರುಗಿಸುತ್ತ ಹೋಗಿ. ನಡುದಾರಿಯಲ್ಲಿ ಕಚ್ಚಿಕೊಂಡು ನಿಂತರೆ ಬೆಡ್ ಚೆನ್ನಾಗಿ ಸವೆದಿದೆ ಅಂತ ಲೆಕ್ಕ. ಹ್ಯಾಂಡಲ್ಲಿನ ಲೂಸು ನೋಡಿ ಹೆದರಬೇಡಿ, ಅದು ರಿಪೇರಿ ಆಗುತ್ತದೆ. ಬೆಡ್ ಗ್ರೈಂಡಿಂಗ್ ಮಾಡಿಸೋಕೆ ಹೊರಟರೆ ಲೇತಿನ ದುಡ್ಡೇ ಮತ್ತೊಂದು ಸಲ.

ಮನೆಗೆ ಬಂದ ಮೇಲೆ ಇನ್ನೊಂದು ತಾಪತ್ರಯ ಎದುರಾಯಿತು. ನಮ್ಮ ಕಾರ್ ಶೆಡ್ಡುಗಳ ನೆಲ ಮಟ್ಟ ಇರುವುದಿಲ್ಲ. ತೊಳೆದ ನೀರು ಬೀದಿಗೆ ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಅರ್ಧ ಟನ್ ಹತ್ತಿರದ ಎರಕದ ಕಬ್ಬಿಣ ಅಂದರೆ ಬಾಗದು, ತಿರುಚದು ಅಂತ ಅಂದುಕೊಳ್ಳುತ್ತೇವೆ. ತಿರುಚುತ್ತದೆ. ನಾಲ್ಕು ಕಾಲಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಬೆಡ್ ಕೂದಲೆಳೆಯಷ್ಟು ತಿರುಚಿಕೊಂಡು, ತಿರುವಿದ ಸರಳು ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಬರುತ್ತದೆ. ಕಾಲುಗಳ ಕೆಳಗೆ ದಪ್ಪ ಪ್ಲೇಟು, ಅದರ ಮೇಲೆ ಎತ್ತರ ಹೊಂದಿಸುವ ಬೋಲ್ಟು ಕೊಟ್ಟೆವು. ಆಮೇಲೆ ಮೇಷ್ಟ್ರು ಒಂದೂವರೆ ಇಂಚಿನ ಸರಳನ್ನು ಚಕ್ಕಿಗೆ ಹಿಡಿದು, ಆರು ಇಂಚು ಹೊರಗೆ ಬಿಟ್ಟು, ಟೇಲ್‌ಸ್ಟಾಕ್ ಆಸರೆ ಕೊಡದೆ, ಚಕ್ಕಿನ ಹತ್ತಿರ ಒಂದು ಪಟ್ಟಿ, ತುದಿಯಲ್ಲಿ ಇನ್ನೊಂದು ಪಟ್ಟಿ ಬಿಟ್ಟು ನಡುವೆ ತಗ್ಗು ಮಾಡಿದರು. ಟೂಲನ್ನು ಮುಂದಕ್ಕೂ ಹಿಂದಕ್ಕೂ ಸರಿಸದೆ ಎರಡೂ ಪಟ್ಟಿಯ ಮೇಲೆ ತೆಳ್ಳಗೆ ಒಂದು ಕಟ್. ಮೈಕ್ರೋಮೀಟರ್ ಹಿಡಿದರೆ ತುದಿಯದು ನೂರನೇ ನಾಲ್ಕು ಮಿಲಿಮೀಟರ್ ದಪ್ಪ. ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲನ್ನು ಒಂದಿಷ್ಟು ಎತ್ತರಿಸಿದರು. ಮತ್ತೆ ಕಟ್, ಮತ್ತೆ ಅಳತೆ. ಸಂಜೆ ಹೊತ್ತಿಗೆ ಎರಡೂ ಪಟ್ಟಿ ಒಂದೇ ಅಳತೆಗೆ ಬಂದವು. "ಈಗ ನೆಲ ಲೇತನ್ನ ಹಿಡ್ಕೊಂಡಿದೆ ನೋಡಿ" ಅಂದರು. ವರ್ಷಕ್ಕೊಂದು ಸಲ ಈ ಪರೀಕ್ಷೆ ಮಾಡಿಕೊಳ್ಳುತ್ತೇನೆ. ಹಗ್ಗ ಹಾಕಿ ಎಳೆದರೂ ಕದಲದ ಮಷಿನ್ನಿನ ಕೆಳಗೆ ನೆಲ ತಾನೇ ಕೂರುತ್ತದೆ.

ಚಕ್ಕಿನ ವಿಷಯದಲ್ಲೂ ಮೇಷ್ಟ್ರದು ಹಟ. ಮೂರು ದವಡೆಯ ಚಕ್ ತಾನೇ ನಡುವಿಗೆ ತಂದುಕೊಳ್ಳುತ್ತದೆ, ಬೇಗ ಆಗುತ್ತದೆ, ಆದರೆ ಹಳೆಯದಾದರೆ ನೂರನೇ ಐದೋ ಹತ್ತೋ ಮಿಲಿಮೀಟರ್ ಆಚೀಚೆ ಇದ್ದೇ ಇರುತ್ತದೆ. ನಾಲ್ಕು ದವಡೆಯದ್ದರಲ್ಲಿ ಒಂದೊಂದನ್ನೂ ಬೇರೆ ಬೇರೆ ತಿರುಗಿಸಿ, ಓಲಾಟ ತೋರಿಸುವ ಡಯಲ್ ಗೇಜ್ ಇಟ್ಟು ನಡುವಿಗೆ ತರಬೇಕು. ಮೊದಮೊದಲು ಅಳು ಬರುತ್ತದೆ. ಕೈ ಕೂತ ಮೇಲೆ ಎರಡು ಮೂರು ನಿಮಿಷದ ಕೆಲಸ. ಚೌಕ, ಪಟ್ಟಿ, ಸೊಟ್ಟ ಎರಕ ಯಾವುದನ್ನು ಬೇಕಾದರೂ ಹಿಡಿಯುತ್ತದೆ. ಒಂದೇ ಚಕ್ ಕೊಳ್ಳಲು ದುಡ್ಡಿದ್ದರೆ ನಾಲ್ಕು ದವಡೆಯದ್ದೇ ಕೊಳ್ಳಿ ಅನ್ನುತ್ತೇನೆ, ಎಷ್ಟೋ ಜನ ಒಪ್ಪುವುದಿಲ್ಲ. ಇನ್ನು ಮೂರು ದವಡೆಯದ್ದನ್ನು ಆಗಾಗ ಬಿಚ್ಚಿ ತೊಳೆಯಬೇಕು. ದವಡೆಗಳ ಮೇಲೆ 1, 2, 3 ಅಂತ ಒತ್ತಿರುತ್ತದೆ, ಅದೇ ಕ್ರಮದಲ್ಲಿ ಹಾಕದಿದ್ದರೆ ನಡುವಿಗೆ ಬರುವುದಿಲ್ಲ. ಒಳಗಿನ ಸುರುಳಿ ತೋಡಿನಲ್ಲಿ ಸಿಕ್ಕ ಒಂದು ಸಣ್ಣ ಚೂರು ಸಾಕು ಎಲ್ಲ ಕೆಡಿಸಲು. ಸೀಮೆಎಣ್ಣೆ ಬ್ರಷ್ಷಿನಲ್ಲಿ ತೊಳೆದು, ತೆಳ್ಳಗೆ ಎಣ್ಣೆ ಸವರಿ. ಗ್ರೀಸ್ ಮೆತ್ತಬೇಡಿ, ಅದು ಚೂರುಗಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ.

ವೆಲ್ಡಿಂಗ್ ಕೂಡ ಹಿಡಿಯುವ ಕೆಲಸವೇ. ಬೆಸುಗೆ ಆರುವಾಗ ಕಬ್ಬಿಣವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಗೇಟಿನ ಚೌಕಟ್ಟಾದರೆ ಕ್ಲ್ಯಾಂಪ್ ಹಾಕಿ, ನಾಲ್ಕೂ ಮೂಲೆಗೆ ಚುಕ್ಕೆ ಬೆಸುಗೆ ಕೊಟ್ಟು, ಕರ್ಣ ಎರಡನ್ನೂ ಅಳೆದು, ಆಮೇಲೆ ಒಂದು ಈ ಮೂಲೆ ಒಂದು ಎದುರು ಮೂಲೆ ಅಂತ ಪೂರ್ತಿ ಮಾಡಬೇಕು. 2.5 ಮಿ.ಮೀ. ರಾಡಿಗೆ 60ರಿಂದ 90 ಆಂಪಿಯರ್, ಮನೆಯ 16 ಆಂಪಿಯರ್ ಸಾಕೆಟ್ಟಿನಲ್ಲಿ ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷಿನ್ ಇಷ್ಟನ್ನು ಎಳೆಯುತ್ತದೆ. ಬರಿಗಣ್ಣಲ್ಲಿ ನೋಡಿದರೆ ರಾತ್ರಿ ಕಣ್ಣು ಉರಿದು ಕರಕರ ಅನ್ನುತ್ತದೆ. ಜಿಐ ಪೈಪು ಬೆಸೆಯುವ ಮುಂಚೆ ಸತುವಿನ ಲೇಪ ಉಜ್ಜಿ ತೆಗೆಯಿರಿ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ.

ವೆಲ್ಡಿಂಗ್ ಮಷಿನ್ ಇದೆ ಅಂತ ಗೊತ್ತಾದರೆ ನೆಂಟರು ಜಾಸ್ತಿ ಆಗುತ್ತಾರೆ. ಮಂಡ್ಯ ಕಡೆಯ ಹಳ್ಳಿಯಿಂದ ನಮ್ಮ ಭಾವಮೈದ ಬಂದರೆ ಬ್ಯಾಗಿನಲ್ಲಿ ಬೆಲ್ಲದ ಜೊತೆ ಮುರಿದ ಕಬ್ಬಿಣವೂ ಇರುತ್ತದೆ. "ಭಾವ, ಇದ್ನ ವಸಿ ಅಂಟಿಸ್ಕೊಟ್ಬುಡಿ." ಒಮ್ಮೆ ತಂದದ್ದು ಬಿರುಕು ಬಿಟ್ಟ ಪಂಪಿನ ಬಾಡಿ, ಬೀಡು, ಅಂದರೆ ಎರಕದ ಕಬ್ಬಿಣ. ಸಾದಾ ರಾಡಿನಲ್ಲಿ ಬೀಡನ್ನು ಬೆಸೆದರೆ ಬೆಸುಗೆ ಗಟ್ಟಿ ಇರುತ್ತದೆ, ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ಮಾಡಿದೆ. ಉದ್ದಕ್ಕೂ ವಿ ಆಕಾರದಲ್ಲಿ ತೋಡಿ, ನಿಕ್ಕೆಲ್ ರಾಡಿನಲ್ಲಿ ಒಂದೊಂದೇ ಇಂಚು ಬೆಸೆದು, ಬಿಸಿ ಇರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕೊನೆಗೆ ಒಲೆ ಬೂದಿಯಲ್ಲಿ ಹೂತಿಟ್ಟೆ. "ಇಷ್ಟೊತ್ಗೆ ನಮ್ಮೂರಲ್ಲಿ ನಾಕ್ ಮಾಡಿರೋನು" ಅಂದ. ಅವನೇ ಮತ್ತೆ ಇಲ್ಲಿಗೆ ಹೊತ್ತು ತಂದದ್ದು ಯಾಕೆ ಅಂತ ನಾನು ಕೇಳಲಿಲ್ಲ.

ಗ್ರೈಂಡರ್ ಕೆಲಸ ಮಾತ್ರ ಶೆಡ್ಡಿನೊಳಗೆ ಬೇಡ. ಅದರ ಪುಡಿ ಎಣ್ಣೆಯಲ್ಲಿ ಬೆರೆತು ಲೇತಿನ ಬೆಡ್ ಮೇಲೆ ಕೂತರೆ ಸಾಣೆ ಹಿಡಿದಷ್ಟೇ ಸವೆಸುತ್ತದೆ. ನಾನು ಹಿತ್ತಲಿಗೆ ಹೋಗುತ್ತೇನೆ. ಅಲ್ಲಿಯೂ ಕಿಡಿ ಯಾವ ಕಡೆ ಹೋಗುತ್ತದೆ ಅಂತ ನೋಡಿಕೊಳ್ಳಬೇಕು. ಬಿಸಿ ಚೂರು ಕಿಟಕಿ ಗಾಜಿಗೆ ಕಚ್ಚಿಕೊಂಡರೆ ಉಜ್ಜಿದರೂ ಹೋಗುವುದಿಲ್ಲ. ಬಿಳಿ ಟೈಲ್ಸ್ ಮೇಲೆ ಬಿದ್ದದ್ದು ಅವತ್ತು ಕಾಣುವುದಿಲ್ಲ, ಒಂದು ಮಳೆ ಬಂದ ಮೇಲೆ ಕೆಂಪು ಚುಕ್ಕೆ ಏಳುತ್ತವೆ, ಮನೆಯವರಿಗೆ ಉತ್ತರ ಕೊಡಬೇಕಾಗುತ್ತದೆ. ಡಿಸ್ಕಿನ ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅವಧಿ ಮೀರಿದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ.

ತುಕ್ಕಿನ ಜೊತೆ ವರ್ಷವಿಡೀ ಜಗಳ. ಮಂಗಳೂರಿಗೆ ಹೋಲಿಸಿದರೆ ನಾವು ಪುಣ್ಯವಂತರು, ಆದರೆ ಆಷಾಢದ ಜಿಟಿಜಿಟಿಯಲ್ಲಿ ಗಾಳಿಯ ತೇವ ಶೇ. 60 ದಾಟಿ ಕೂತುಬಿಡುತ್ತದೆ. ರಾತ್ರಿಯೆಲ್ಲ ತಣ್ಣಗಾದ ದಪ್ಪ ಕಬ್ಬಿಣಕ್ಕೆ ಬೆಳಿಗ್ಗೆ ಬಾಗಿಲು ತೆರೆದಾಗ ಬೆಚ್ಚನೆ ತೇವದ ಗಾಳಿ ತಾಗಿದರೆ ಬೆವರುತ್ತದೆ. ಪ್ಲಾಸ್ಟಿಕ್ ಶೀಟ್ ಹೊದಿಸಿದರೆ ಆ ಬೆವರು ಒಳಗೇ ಉಳಿಯುತ್ತದೆ. ಹಳೆ ಹತ್ತಿ ಬೆಡ್‌ಶೀಟ್ ಮೇಲು. ಮುಂಚೆ ಲೇತಿನ ಬೆಡ್ ಕೆಳಗೆ 40 ವ್ಯಾಟಿನ ಬಲ್ಬು ಹಚ್ಚಿಡುತ್ತಿದ್ದರು; ಎಲ್‌ಇಡಿ ಬಲ್ಬಿಗೆ ಆ ಕಾವು ಎಲ್ಲಿಂದ ಬರಬೇಕು? ಕೆಲಸ ಮುಗಿದ ಮೇಲೆ ಬ್ರಷ್ಷಿನಲ್ಲಿ ಚೂರು ತೆಗೆದು, ಬನಿಯನ್ ಬಟ್ಟೆಯ ವೇಸ್ಟಿನಲ್ಲಿ ಒರೆಸಿ, 68 ನಂಬರಿನ ಸ್ಲೈಡ್‌ವೇ ಎಣ್ಣೆ ಸವರಿ ಹೋಗುತ್ತೇನೆ. ಅಡುಗೆ ಎಣ್ಣೆ ಬೇಡ, ಜಿಗುಟಾಗುತ್ತದೆ. ಎಣ್ಣೆ ಹತ್ತಿದ ವೇಸ್ಟನ್ನು ಕಿಡಿ ಬೀಳುವ ಕಡೆ ಬಿಡಬೇಡಿ.

ಮೈಸೂರಿನವರಿಗೆ ಆಯುಧಪೂಜೆ ಹೇಳಿಕೊಡಬೇಕಾಗಿಲ್ಲ. ಹಿಂದಿನ ದಿನ ಮಷಿನ್ ಪೂರ್ತಿ ಬಿಚ್ಚಿ ತೊಳೆಯುವ ನೆಪ ಸಿಗುತ್ತದಲ್ಲ, ಅದೇ ನನಗೆ ಹಬ್ಬ. ಮೇಷ್ಟ್ರದು ಒಂದು ಕಟ್ಟುನಿಟ್ಟು ಇದೆ: ಅರಿಶಿನ ಕುಂಕುಮ ಪೇಂಟ್ ಇರುವ ಕಡೆ ಮಾತ್ರ, ಬರಿ ಕಬ್ಬಿಣಕ್ಕೆ ಬೊಟ್ಟು ಇಡುವಂತಿಲ್ಲ. ನೀರಲ್ಲಿ ಕಲಸಿದ ಕುಂಕುಮ ಒಣಗುವಷ್ಟರಲ್ಲಿ ಕೆಳಗೆ ತುಕ್ಕು ಹಿಡಿದಿರುತ್ತದೆ. ಕೊಯ್ದ ನಿಂಬೆಹಣ್ಣನ್ನು ಬೆಡ್ ಮೇಲೆ ಇಟ್ಟರಂತೂ ಹುಳಿ ತಿಂದ ಗುರುತು ಹೋಗುವುದೇ ಇಲ್ಲ. ನಿಂಬೆಹಣ್ಣು ಕೆಳಗೆ ಕಾಲಿನ ಹತ್ತಿರ, ಬಾಳೆಕಂದು ಬಾಗಿಲಿಗೆ. ದೇವರೇನೂ ಬೇಜಾರು ಮಾಡಿಕೊಂಡ ಹಾಗಿಲ್ಲ.

ಮಿಲ್ಲಿಂಗ್ ಮಷಿನ್ (ತಿರುಗುವ ಕಟರಿನಿಂದ ಕಬ್ಬಿಣ ಕೊಯ್ಯುವ ಮಷಿನ್) ಯಾಕೆ ತಗೊಂಡಿಲ್ಲ ಅಂತ ಕೇಳುತ್ತಾರೆ. ಜಾಗ ಇಲ್ಲ ಅನ್ನುವುದು ಅರ್ಧ ಉತ್ತರ. ಒಂದು ಮಷಿನ್ ಬಂದರೆ ಅದನ್ನು ತೊಳೆದು, ಎಣ್ಣೆ ಹಾಕಿ, ಮಟ್ಟ ನೋಡಿಕೊಂಡು ಇರುವ ಹೊತ್ತೂ ಅದರ ಜೊತೆಗೇ ಬರಬೇಕು, ಅದು ನನ್ನ ಬಳಿ ಇಲ್ಲ. ಕಬ್ಬಿಣದಲ್ಲಿ ತೋಡು ಹೊಡೆಯುವ ಕೆಲಸ ಬಂದರೆ ಹೆಬ್ಬಾಳದ ಜಾಬ್ ವರ್ಕಿನವರ ಹತ್ತಿರ ಹೋಗುತ್ತೇನೆ. ಬಾಯಲ್ಲಿ ಹೇಳಬೇಡಿ, ಕಾಗದದಲ್ಲಿ ಚಿತ್ರ ಬರೆದು ಅಳತೆ ಹಾಕಿ ಕೊಡಿ. ಎಲ್ಲ ಅಳತೆಯೂ ನೂರನೇ ಒಂದು ಮಿಲಿಮೀಟರಿಗೆ ಕರಾರುವಾಕ್ಕಾಗಿ ಬೇಕು ಅನ್ನಬೇಡಿ, ಬೇಕಾದ ಒಂದೆರಡು ಕಡೆ ಮಾತ್ರ ಗುರುತು ಮಾಡಿ, ರೇಟು ತಾನೇ ಇಳಿಯುತ್ತದೆ. ಹಿಡಿಯಲು ಜಾಗ ಉಳಿಯುವ ಹಾಗೆ ತುಂಡನ್ನು ಅರ್ಧ ಇಂಚು ಉದ್ದ ಬಿಟ್ಟು ಒಯ್ಯಿರಿ. ಗುಜರಿಯಿಂದ ಆರಿಸಿದ ಗುರುತಿಲ್ಲದ ಕಬ್ಬಿಣ ಮಾತ್ರ ಕೊಡಲೇಬೇಡಿ. ಒಳಗೆ ಎಲ್ಲಾದರೂ ಹದ ಹಾಕಿದ ಗಟ್ಟಿ ಭಾಗ ಇದ್ದು ಅವರ ಕಟರ್ ಹೋದರೆ, ಮುಂದಿನ ಸಲ ನೀವು ಗೇಟು ತೆಗೆಯುವಾಗಲೇ "ಕೆಲಸ ಜಾಸ್ತಿ ಇದೆ ಸಾರ್, ದಸರಾ ಆದ್ಮೇಲೆ ಬನ್ನಿ" ಅಂತಾರೆ.